ಉಂಡದ್ದು ಮಗುವಿನ ಮೈಗೆ ಹತ್ತಬೇಕಾದರೆ



ಕಾಲುಬಾಯಿ ಜ್ವರ ಬಂದು ವಾಸಿಯಾದ ಹಸುವನ್ನು ಸಾಕಿದವರಿಗೆ ಒಂದು ವಿಷಯ ಹೇಳಿಕೊಡಬೇಕಾಗಿಲ್ಲ. ಬಾಯಿಯ ಹುಣ್ಣು ಮಾಯುತ್ತದೆ, ಗೊರಸಿನ ಗಾಯ ಒಣಗುತ್ತದೆ, ಹಸು ಮತ್ತೆ ಮೇಯುವುದಕ್ಕೆ ಶುರುಮಾಡುತ್ತದೆ. ಹಾಲು ಮಾತ್ರ ಹಳೆಯ ಅಳತೆಗೆ ಬರುವುದಿಲ್ಲ. ಪಶು ಆಹಾರ ಅಷ್ಟೇ ಹಾಕುತ್ತೀರಿ, ಹಸಿಮೇವು ಅಷ್ಟೇ ಕೊಡುತ್ತೀರಿ, ಖನಿಜ ಮಿಶ್ರಣವನ್ನೂ ಬಿಡುವುದಿಲ್ಲ. ಆದರೂ ಡೇರಿಯಲ್ಲಿ ಅಳೆಸುವಾಗ ಕ್ಯಾನು ಹಗುರ. ಬಿಸಿಲಿಗೆ ಏದುಸಿರು ಬಿಡುತ್ತದೆ, ಬೆದೆಗೆ ಬರುವುದು ತಡವಾಗುತ್ತದೆ. 2013ರಲ್ಲಿ ನಮ್ಮ ರಾಜ್ಯದಲ್ಲಿ ಈ ಜ್ವರ ಹಬ್ಬಿದ್ದನ್ನು ಕಂಡವರು ಸತ್ತ ರಾಸುಗಳ ಲೆಕ್ಕವನ್ನಷ್ಟೇ ಅಲ್ಲ, ಉಳಿದುಕೊಂಡೂ ಬಡಕಲಾದ ರಾಸುಗಳ ನಷ್ಟವನ್ನೂ ಕಂಡಿದ್ದಾರೆ. "ತಿಂದದ್ದು ಮೈಗೆ ಹತ್ತುತ್ತಿಲ್ಲ" ಎಂದು ನಾವು ಅನ್ನುವುದು ಇದನ್ನೇ.

ಈ ತಿಂಗಳ ಪಾಠ ಹಸುವಿನದಲ್ಲ, ಮನೆಯ ಮಗುವಿನದು. ಲಸಿಕೆ, ಊಟ, ತೂಕ ಈ ಮೂರನ್ನೂ ನಾವು ಮೂವರಿಗೆ ಹಂಚಿಬಿಟ್ಟಿದ್ದೇವೆ. ಚುಚ್ಚುಮದ್ದು ನರ್ಸಮ್ಮನ ಕೆಲಸ, ಊಟ ತಾಯಿಯ ಕೆಲಸ, ತೂಕ ಅಂಗನವಾಡಿಯವರ ಕೆಲಸ. ಮಗುವಿನ ಮೈಯೊಳಗೆ ಇಂಥ ಹಂಚಿಕೆ ಇಲ್ಲ. ಲಸಿಕೆ ತಪ್ಪಿದ ಮಗುವಿಗೆ ಕಾಯಿಲೆ ಬರುತ್ತದೆ. ಕಾಯಿಲೆ ಬಂದಾಗ ಉಂಡದ್ದು ಮೈಗೆ ಹತ್ತುವುದಿಲ್ಲ. ಮೈ ಇಳಿದ ಮಗುವಿಗೆ ಮುಂದಿನ ಕಾಯಿಲೆ ಇನ್ನೂ ಜೋರಾಗಿ ಬರುತ್ತದೆ. ಇದು ಹೇಗೆ ನಡೆಯುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ನೋಡೋಣ.

ಜ್ವರ ತಿನ್ನುವ ಊಟ

ಮಗುವಿಗೆ ಜ್ವರ ಬಂದಾಗ ಮೊದಲು ಹೋಗುವುದು ಹಸಿವು. ರಾಗಿ ಸರಿಯ ಬಟ್ಟಲು ಹಾಗೇ ಉಳಿಯುತ್ತದೆ, ಎದೆಹಾಲನ್ನೂ ಅರ್ಧಕ್ಕೇ ಬಿಡುತ್ತದೆ. ಒಳಗೆ ಬರುವುದು ಕಡಿಮೆಯಾದ ಹೊತ್ತಿನಲ್ಲೇ ಖರ್ಚು ಹೆಚ್ಚುತ್ತದೆ. ಮೈಯ ಬಿಸಿ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ದೇಹ ಸುಡುವ ಶಕ್ತಿ ನೂರಕ್ಕೆ ಹತ್ತು ಭಾಗದಷ್ಟು ಅಥವಾ ಅದಕ್ಕಿಂತ ತುಸು ಜಾಸ್ತಿಯೇ ಏರುತ್ತದೆ. ರೋಗಾಣುವಿನ ಜೊತೆ ಹೋರಾಡಲು ಬೇಕಾದ ಸಾಮಗ್ರಿಯನ್ನು ದೇಹ ತನ್ನ ಮಾಂಸಖಂಡದಿಂದಲೇ ಕರಗಿಸಿ ತೆಗೆದುಕೊಳ್ಳುತ್ತದೆ. ಭೇದಿಯೂ ಸೇರಿದರೆ ಕರುಳು ಉಂಡದ್ದನ್ನು ಹೀರಿಕೊಳ್ಳುವುದಿಲ್ಲ. ನೀರು, ಉಪ್ಪು, ಸತು ಎಲ್ಲ ಹೊರಗೆ ಹೋಗುತ್ತವೆ.

ದೊಡ್ಡವರು ಇದನ್ನು ತಡೆದುಕೊಳ್ಳುತ್ತಾರೆ. ಒಂದು ವರ್ಷದ ಮಗುವಿನ ತೂಕವೇ ಎಂಟು ಒಂಬತ್ತು ಕಿಲೋ. ಅದರಲ್ಲಿ ಅರ್ಧ ಕಿಲೋ ಹೋದರೆ ಅದು ಸಣ್ಣ ಮಾತಲ್ಲ. ಕಾಯಿಲೆ ವಾರದಲ್ಲಿ ಹೋಗಬಹುದು, ಹೋದ ತೂಕ ಮರಳುವುದಕ್ಕೆ ಇನ್ನೂ ಹೆಚ್ಚು ದಿನ ಬೇಕು. ಆ ಹೊತ್ತಿಗೆ ಇನ್ನೊಂದು ಕಾಯಿಲೆ ಬಂದರೆ ಮಗು ಮೊದಲಿದ್ದ ಮಟ್ಟಕ್ಕೆ ಬರುವುದೇ ಇಲ್ಲ. ಎರಡು ವರ್ಷದೊಳಗೆ ಹೀಗೆ ಮೇಲಿಂದ ಮೇಲೆ ಆದ ಮಕ್ಕಳು ಎತ್ತರದಲ್ಲಿ ಹಿಂದೆ ಬೀಳುತ್ತಾರೆ. "ನಮ್ಮ ಮನೆತನವೇ ಕುಳ್ಳು" ಎಂದು ಸಮಾಧಾನ ಮಾಡಿಕೊಳ್ಳುವ ಮುಂಚೆ ಆ ಮಗುವಿಗೆ ಎಷ್ಟು ಸಲ ಭೇದಿ, ಎಷ್ಟು ಸಲ ಜ್ವರ ಬಂದಿತ್ತು ಎಂದು ಲೆಕ್ಕ ಹಾಕಿ.

ಇನ್ನು ಸುತ್ತಿನ ಎರಡನೇ ಅರ್ಧ. ರೋಗಾಣುವನ್ನು ಎದುರಿಸುವ ಜೀವಕಣಗಳು ತಯಾರಾಗುವುದು ಉಂಡ ಅನ್ನದಿಂದಲೇ. ಪ್ರೋಟೀನ್, ಕಬ್ಬಿಣ, ಸತು, ಎ ಜೀವಸತ್ವ ಸಾಲದಿದ್ದರೆ ಕಾವಲು ಸಡಿಲ. ಕರುಳಿನ ಒಳಪದರವೂ ಶ್ವಾಸನಾಳದ ಒಳಪದರವೂ ತೆಳ್ಳಗಾಗಿ ರೋಗಾಣುವಿಗೆ ಬಾಗಿಲು ತೆರೆದಂತಾಗುತ್ತದೆ. ಪಕ್ಕದ ಮನೆಯ ಗಟ್ಟಿ ಮಗುವಿಗೆ ಮೂರು ದಿನದಲ್ಲಿ ಹೋದ ಕೆಮ್ಮು ಸಣಕಲು ಮಗುವಿಗೆ ನ್ಯುಮೋನಿಯಾ ಆಗುವುದು ಹೀಗೆ.

ದಡಾರ: ಹೋದ ಮೇಲೂ ಹೋಗದ ಕಾಯಿಲೆ

ಲಸಿಕೆಗೂ ಮೈಯ ತೂಕಕ್ಕೂ ಇರುವ ಸಂಬಂಧವನ್ನು ದಡಾರದಷ್ಟು ಸ್ಪಷ್ಟವಾಗಿ ತೋರಿಸುವ ಕಾಯಿಲೆ ಇನ್ನೊಂದಿಲ್ಲ. ಆದ್ದರಿಂದ ಇದಕ್ಕೆ ಸ್ವಲ್ಪ ಹೆಚ್ಚು ಜಾಗ ಕೊಡುತ್ತೇವೆ.

ದಡಾರವೆಂದರೆ ಮೈಮೇಲೆ ಕೆಂಪು ಗುಳ್ಳೆ ಎದ್ದು ವಾರದಲ್ಲಿ ಹೋಗುವ ಕಾಯಿಲೆ ಎಂದು ಹಲವರು ತಿಳಿದಿದ್ದಾರೆ. ಗುಳ್ಳೆ ಹೊರಗಿನ ಗುರುತು ಮಾತ್ರ. ಅದೇ ಹೊತ್ತಿಗೆ ಬಾಯಿ, ಗಂಟಲು, ಕರುಳು, ಶ್ವಾಸಕೋಶ ಎಲ್ಲೆಲ್ಲೂ ಒಳಪದರ ಕೆಂಪಾಗಿರುತ್ತದೆ. ಬಾಯಿ ಹುಣ್ಣಾದ ಮಗು ಉಣ್ಣುವುದಿಲ್ಲ. ಭೇದಿ ಶುರುವಾಗುತ್ತದೆ, ಕಿವಿ ಸೋರುತ್ತದೆ, ನ್ಯುಮೋನಿಯಾ ಬರಬಹುದು. ಮೈಯಲ್ಲಿದ್ದ ಎ ಜೀವಸತ್ವದ ದಾಸ್ತಾನು ಬೇಗ ಖಾಲಿಯಾಗುತ್ತದೆ. ಮೊದಲೇ ಅದು ಕಡಿಮೆ ಇದ್ದ ಮಗುವಿಗೆ ಕಣ್ಣಿನ ಕರಿಗುಡ್ಡೆಯೇ ಕೆಟ್ಟು ಕುರುಡು ಬರುವುದುಂಟು. ಅದಕ್ಕೇ ದಡಾರ ಬಂದ ಮಗುವಿಗೆ ವೈದ್ಯರು ಎರಡು ದಿನ ಎ ಜೀವಸತ್ವದ ದ್ರಾವಣ ಕುಡಿಸುತ್ತಾರೆ.

ಇನ್ನೊಂದು ಹಾನಿ ಕಣ್ಣಿಗೆ ಕಾಣುವುದಿಲ್ಲ. ಹಿಂದೆ ಬಂದು ಹೋದ ರೋಗಗಳ ನೆನಪನ್ನು ನಮ್ಮ ದೇಹ ಪ್ರತಿಕಾಯಗಳ ರೂಪದಲ್ಲಿ ಇಟ್ಟುಕೊಂಡಿರುತ್ತದೆ. ದಡಾರದ ವೈರಸ್ಸು ಈ ನೆನಪನ್ನೇ ಅಳಿಸುತ್ತದೆ. 2019ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಲ್ಲಿ ಲಸಿಕೆ ಹಾಕಿಸದೆ ದಡಾರ ಬಂದ ಮಕ್ಕಳ ರಕ್ತವನ್ನು ಕಾಯಿಲೆಗೆ ಮುಂಚೆ ಮತ್ತು ಆಮೇಲೆ ಹೋಲಿಸಿ ನೋಡಿದರು. ಬೇರೆ ರೋಗಗಳ ವಿರುದ್ಧ ಇದ್ದ ಪ್ರತಿಕಾಯಗಳಲ್ಲಿ ನೂರಕ್ಕೆ 11ರಿಂದ 73ರವರೆಗೆ ಇಲ್ಲವಾಗಿದ್ದವು. ಅಂದರೆ ದಡಾರ ಹೋಯಿತು ಎಂದು ನಾವು ನಿಟ್ಟುಸಿರು ಬಿಡುವಾಗ ಮಗು ಎಷ್ಟೋ ಕಾಯಿಲೆಗಳ ಮುಂದೆ ಹೊಸದಾಗಿ ಹುಟ್ಟಿದಂತೆ ಬರಿಗೈಯಲ್ಲಿ ನಿಂತಿರುತ್ತದೆ. "ದಡಾರ ಬಂದಮೇಲೆ ಮಗು ಚೇತರಿಸಿಕೊಳ್ಳಲೇ ಇಲ್ಲ" ಎಂದು ಅಜ್ಜಿಯರು ಹೇಳುತ್ತಿದ್ದ ಮಾತಿನ ಹಿಂದೆ ಇದ್ದದ್ದು ಇದು.

ಊರಿನಲ್ಲಿ ಇದನ್ನು 'ಅಮ್ಮ' ಎನ್ನುತ್ತೇವೆ. ಬೇವಿನ ಸೊಪ್ಪು ಹಾಸುವುದು, ಮಗುವನ್ನು ಮನೆಯಲ್ಲೇ ಇಟ್ಟುಕೊಳ್ಳುವುದು, ಹೊರಗಿನವರನ್ನು ಒಳಗೆ ಬಿಡದಿರುವುದು, ಇವುಗಳಿಂದ ತೊಂದರೆಯಿಲ್ಲ. ಹೊರಗಿನವರನ್ನು ಬಿಡದಿರುವುದಂತೂ ಒಳ್ಳೆಯದೇ, ಈ ರೋಗ ಗಾಳಿಯಲ್ಲಿ ಹರಡುತ್ತದೆ. ತೊಂದರೆ ಇರುವುದು ಎರಡರಲ್ಲಿ: ಪಥ್ಯದ ಹೆಸರಿನಲ್ಲಿ ಬರೀ ಗಂಜಿ ನೀರು ಕೊಟ್ಟು ಮಲಗಿಸುವುದು ಮತ್ತು ಆಸ್ಪತ್ರೆಗೆ ಕರೆದೊಯ್ದರೆ ಅಮ್ಮ ಮುನಿಯುತ್ತಾಳೆ ಎಂದು ತಡೆಯುವುದು. ಪೂಜೆ ಮಾಡಿ, ಬೇಡವೆನ್ನುವುದಿಲ್ಲ. ಮಗುವಿನ ಊಟವನ್ನೂ ವೈದ್ಯರನ್ನೂ ನಿಲ್ಲಿಸಬೇಡಿ.

ದಡಾರ ರುಬೆಲ್ಲಾ ಲಸಿಕೆ ಮಗುವಿಗೆ 9 ತಿಂಗಳು ತುಂಬಿದ ಮೇಲೆ ಒಂದು, 16ರಿಂದ 24 ತಿಂಗಳೊಳಗೆ ಇನ್ನೊಂದು. ಹುಟ್ಟಿದ ಕೂಡಲೇ ಏಕೆ ಹಾಕುವುದಿಲ್ಲ ಎಂದು ಕೇಳುವವರಿಗೆ ಕೊಟ್ಟಿಗೆಯಲ್ಲೇ ಉತ್ತರವಿದೆ. ಹಸುವಿನ ಗರ್ಭದಲ್ಲಿ ಪ್ರತಿಕಾಯಗಳು ಕರುವಿಗೆ ದಾಟುವುದಿಲ್ಲ. ಅದು ರಕ್ಷಣೆಯಿಲ್ಲದೆ ಹುಟ್ಟುತ್ತದೆ, ಹಾಗಾಗಿ ಗಿಣ್ಣು ಹಾಲನ್ನು ಮೊದಲ ಒಂದೆರಡು ಗಂಟೆಯಲ್ಲೇ ಕುಡಿಸಬೇಕು ಎಂದು ನಾವು ಒತ್ತಿ ಹೇಳುತ್ತೇವೆ. ಮನುಷ್ಯರಲ್ಲಿ ಹಾಗಲ್ಲ. ಬಸಿರಿನ ಕೊನೆಯ ತಿಂಗಳುಗಳಲ್ಲಿ ತಾಯಿಯ ಪ್ರತಿಕಾಯಗಳು ಮಾಸಿನ ಮೂಲಕ ಮಗುವಿಗೆ ಸೇರುತ್ತವೆ ಮತ್ತು ಕೆಲವು ತಿಂಗಳು ಕಾಯುತ್ತವೆ. ಅವು ಇರುವಾಗ ದಡಾರದ ಲಸಿಕೆ ಕೊಟ್ಟರೆ ಅವೇ ಲಸಿಕೆಯನ್ನು ಅಡಗಿಸಿಬಿಡುತ್ತವೆ. ಒಂಬತ್ತನೇ ತಿಂಗಳಿಗೆ ತಾಯಿ ಕೊಟ್ಟದ್ದು ಬಹುಪಾಲು ಕರಗಿರುತ್ತದೆ, ಲಸಿಕೆ ಹಿಡಿಯುತ್ತದೆ. ಎರಡನೇ ಸಲ ಕೊಡುವುದು ಮೊದಲ ಸಲ ಹಿಡಿಯದ ಮಕ್ಕಳಿಗಾಗಿ. ಹಾಗೆಂದು ತಾಯಿಯ ಗಿಣ್ಣು ಹಾಲು ಬೇಡವೆಂದಲ್ಲ. ಹೆರಿಗೆಯಾದ ಒಂದು ಗಂಟೆಯೊಳಗೆ ಕುಡಿಸುವ ಆ ಹಳದಿ ಹಾಲು ಮಗುವಿನ ಕರುಳಿಗೆ ಕಾವಲು. ಕರುವಿಗೆ ತಪ್ಪದೆ ಕುಡಿಸಿ, ಸೊಸೆಯ ಗಿಣ್ಣನ್ನು ಮಾತ್ರ ಹಿಂಡಿ ಚೆಲ್ಲಿಸುವ ಮನೆಗಳು ಇನ್ನೂ ಇವೆ.

ಒಂಬತ್ತನೇ ತಿಂಗಳ ಭೇಟಿಯಲ್ಲೇ ಎ ಜೀವಸತ್ವದ ಮೊದಲ ಡೋಸನ್ನು ಬಾಯಿಗೆ ಹಾಕುತ್ತಾರೆ. ಆಮೇಲೆ ಆರು ತಿಂಗಳಿಗೊಮ್ಮೆ, ಐದು ವರ್ಷದವರೆಗೆ ಒಟ್ಟು ಒಂಬತ್ತು ಡೋಸು. ಲಸಿಕೆಗೆ ಹೋಗದ ಮಗುವಿಗೆ ಇದೂ ತಪ್ಪುತ್ತದೆ. ಒಂದೇ ಭೇಟಿಯಲ್ಲಿ ರೋಗಕ್ಕೆ ತಡೆಯೂ ಪೌಷ್ಟಿಕವೂ ಸಿಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ.

ಭೇದಿ ಮತ್ತು ಉಳಿದವು

ರೋಟಾ ವೈರಸ್ಸು ಎಳೆ ಮಕ್ಕಳಿಗೆ ಜೋರಾದ ವಾಂತಿ ಭೇದಿ ತರುತ್ತದೆ. ಇದರ ವಿರುದ್ಧ ಬಾಯಿಗೆ ಹಾಕುವ ಲಸಿಕೆಯನ್ನು ನಮ್ಮ ದೇಶದಲ್ಲಿ 2016ರಿಂದ ಹಂತ ಹಂತವಾಗಿ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮಕ್ಕೆ ಸೇರಿಸಲಾಯಿತು. 6, 10 ಮತ್ತು 14ನೇ ವಾರದಲ್ಲಿ ಕೊಡುತ್ತಾರೆ. ಒಂದು ಮಾತನ್ನು ಮುಚ್ಚಿಡಬಾರದು: ಶ್ರೀಮಂತ ದೇಶಗಳಲ್ಲಿ ಕೆಲಸ ಮಾಡಿದಷ್ಟು ಚೆನ್ನಾಗಿ ಈ ಲಸಿಕೆ ಬಡ ದೇಶಗಳಲ್ಲಿ ಕೆಲಸ ಮಾಡುವುದಿಲ್ಲ. ಅಪೌಷ್ಟಿಕತೆ, ಕೊಳಕು ನೀರಿನಿಂದ ಪದೇ ಪದೇ ಕೆಡುವ ಕರುಳು ಇದಕ್ಕೆ ಕಾರಣಗಳಲ್ಲಿ ಸೇರಿವೆ ಎಂದು ತಜ್ಞರು ಹೇಳುತ್ತಾರೆ. ಹಾಗಿದ್ದರೂ ಇದು ಜೋರಾದ ಭೇದಿಯ ಅರ್ಧದಷ್ಟನ್ನು ತಡೆಯುತ್ತದೆ, ಬಿಡುವಂಥದ್ದಲ್ಲ. ಉಳಿದ ಅರ್ಧ ನಮ್ಮ ಕೈಯಲ್ಲಿದೆ. ಕೈ ಎಂದರೆ ನಿಜವಾಗಿಯೂ ಕೈಯೇ. ಸಗಣಿ ಬಾಚಿದ ಕೈ, ಕೆಚ್ಚಲು ತೊಳೆದ ಕೈ. ಹಾಲು ಕರೆಯುವ ಮುಂಚೆ ಕೈ ತೊಳೆಯುವುದನ್ನು ಶುದ್ಧ ಹಾಲು ಉತ್ಪಾದನೆಯ ತರಬೇತಿಯಲ್ಲಿ ಕಲಿತಿದ್ದೇವೆ. ಮಗುವಿಗೆ ತುತ್ತು ಇಡುವ ಮುಂಚೆಯೂ ಸೋಪು ಹಚ್ಚಿಯೇ ತೊಳೆಯಬೇಕು.

ಭೇದಿ ಬಂದೇಬಿಟ್ಟರೆ ಊಟ ನಿಲ್ಲಿಸಬೇಡಿ. ಓ.ಆರ್.ಎಸ್. ಪೊಟ್ಟಣವನ್ನು ಒಂದು ಲೀಟರ್ ಕಾಯಿಸಿ ಆರಿಸಿದ ನೀರಿನಲ್ಲಿ ಕದಡಿ ಸ್ವಲ್ಪ ಸ್ವಲ್ಪವಾಗಿ ಕುಡಿಸಿ. ಆಶಾ ಕಾರ್ಯಕರ್ತೆಯ ಬಳಿ ಸಿಗುವ ಸತುವಿನ ಮಾತ್ರೆಯನ್ನು 14 ದಿನ ಪೂರ್ತಿ ಕೊಡಿ. ಮೂರನೇ ದಿನ ಭೇದಿ ನಿಂತಿತೆಂದು ಬಿಡಬೇಡಿ, ಕರುಳು ರಿಪೇರಿಯಾಗುವುದು ಆಮೇಲೆಯೇ. ಕಾಯಿಲೆ ಹೋದ ಮೇಲೆ ಎರಡು ವಾರ ದಿನಕ್ಕೆ ಒಂದು ಊಟ ಹೆಚ್ಚು ಕೊಟ್ಟರೆ ಇಳಿದ ತೂಕ ಮರಳುತ್ತದೆ. ಎದೆಹಾಲು ಯಾವ ಕಾಯಿಲೆಯಲ್ಲೂ ನಿಲ್ಲಿಸುವಂಥದ್ದಲ್ಲ.

ಉಳಿದ ಲಸಿಕೆಗಳನ್ನು ಚುಟುಕಾಗಿ ಹೇಳುವುದಾದರೆ: ಹುಟ್ಟಿದಾಗ ಕ್ಷಯಕ್ಕೆ ಬಿ.ಸಿ.ಜಿ., ಪೋಲಿಯೊ ಹನಿ, ಕಾಮಾಲೆ ಬಿ. 6, 10, 14ನೇ ವಾರದಲ್ಲಿ ಪೆಂಟಾವೇಲೆಂಟ್. ಇದರಲ್ಲಿ ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು, ಕಾಮಾಲೆ ಬಿ ಮತ್ತು ಹಿಬ್ ಎಂಬ ಐದಕ್ಕೆ ತಡೆ ಇದೆ. ಜೊತೆಗೆ ಪೋಲಿಯೊ ಹನಿ ಮತ್ತು ಚುಚ್ಚುಮದ್ದು. ನ್ಯುಮೋನಿಯಾ ತಡೆಯುವ ಪಿ.ಸಿ.ವಿ. 6 ಮತ್ತು 14ನೇ ವಾರ, ಮತ್ತೆ 9ನೇ ತಿಂಗಳು. ಕೆಲವು ಜಿಲ್ಲೆಗಳಲ್ಲಿ ಮಿದುಳು ಜ್ವರದ ಲಸಿಕೆಯೂ ಇದೆ. ಒಂದೂವರೆ ವರ್ಷದ ಹೊತ್ತಿಗೆ ಬೂಸ್ಟರ್, ಐದು ವರ್ಷಕ್ಕೆ ಇನ್ನೊಂದು. ನಾಯಿಕೆಮ್ಮನ್ನು ನೋಡದವರಿಗೆ ಅದು ಬರೀ ಕೆಮ್ಮು. ನೋಡಿದವರಿಗೆ ಗೊತ್ತು: ತಿಂದ ಒಂದೊಂದು ತುತ್ತನ್ನೂ ಕೆಮ್ಮಿ ಕೆಮ್ಮಿ ಕಕ್ಕುವ ಮಗು ವಾರಗಟ್ಟಲೆ ಸೊರಗುತ್ತದೆ. ಆ ಮಗುವಿಗೆ ಎಷ್ಟು ಉಣಿಸಿದರೂ ಏನು ಪ್ರಯೋಜನ?

ಹಾಗಾದರೆ ಲಸಿಕೆ ಹಾಕಿಸಿದರೆ ಸಾಕೆ?

ಸಾಲದು. ಇದನ್ನು ನಮ್ಮ ರಾಜ್ಯದ ಅಂಕಿಗಳೇ ಹೇಳುತ್ತವೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೇ ಸುತ್ತಿನಲ್ಲಿ (2015–16) ಕರ್ನಾಟಕದ ಒಂದರಿಂದ ಎರಡು ವರ್ಷದ ಮಕ್ಕಳಲ್ಲಿ ನೂರಕ್ಕೆ 62.6 ಮಕ್ಕಳಿಗೆ ಮೂಲ ಲಸಿಕೆಗಳೆಲ್ಲ ಆಗಿದ್ದವು. ಐದನೇ ಸುತ್ತಿನಲ್ಲಿ (2019–21) ಅದು 84.1ಕ್ಕೆ ಏರಿತು. ಆಶಾ ಕಾರ್ಯಕರ್ತೆಯರೂ ತಾಯಂದಿರೂ ಹೆಮ್ಮೆಪಡುವ ಏರಿಕೆ ಇದು. ಅದೇ ಅವಧಿಯಲ್ಲಿ ಎತ್ತರಕ್ಕೆ ತಕ್ಕ ತೂಕವಿಲ್ಲದ ಮಕ್ಕಳು 26.1ರಿಂದ 19.5ಕ್ಕೆ ಇಳಿದರು. ಆದರೆ ವಯಸ್ಸಿಗೆ ತಕ್ಕ ಎತ್ತರವಿಲ್ಲದ ಮಕ್ಕಳು 36.2 ಇದ್ದವರು 35.4ರಲ್ಲೇ ನಿಂತರು. ಆರು ತಿಂಗಳಿಂದ ಐದು ವರ್ಷದವರೆಗಿನ ಮಕ್ಕಳ ರಕ್ತಹೀನತೆ ಇಳಿಯುವ ಬದಲು 60.9ರಿಂದ 65.5ಕ್ಕೆ ಏರಿತು.

ಇದರರ್ಥ ಲಸಿಕೆ ವ್ಯರ್ಥವೆಂದಲ್ಲ. ಲಸಿಕೆ ತೂತಾದ ಕ್ಯಾನಿಗೆ ಹಾಕಿದ ಬೆಸುಗೆ. ಬೆಸುಗೆ ಹಾಕಿದ ಮಾತ್ರಕ್ಕೆ ಕ್ಯಾನು ತುಂಬುವುದಿಲ್ಲ, ಹಾಲು ಹಾಕಬೇಕು. ಬೆಸುಗೆ ಹಾಕದೆ ಹಾಲು ಹಾಕಿದರೂ ತುಂಬುವುದಿಲ್ಲ. ಪಂಜಾಬಿನ ಲುಧಿಯಾನ ಜಿಲ್ಲೆಯ ನಾರಂಗ್ವಾಲ್ ಸುತ್ತಲಿನ ಹಳ್ಳಿಗಳಲ್ಲಿ 1960ರ ದಶಕದ ಕೊನೆಯಿಂದ ಕೆಲವು ವರ್ಷ ಇದನ್ನೇ ಪರೀಕ್ಷಿಸಿದ್ದರು. ಕೆಲವು ಹಳ್ಳಿಗಳಲ್ಲಿ ಪೌಷ್ಟಿಕ ಆಹಾರದ ಕೆಲಸ, ಕೆಲವು ಕಡೆ ಲಸಿಕೆಯೂ ಸೇರಿ ಕಾಯಿಲೆ ತಡೆಯುವ ಕೆಲಸ, ಕೆಲವು ಕಡೆ ಎರಡೂ. ಮಕ್ಕಳ ಬೆಳವಣಿಗೆಗೆ ಆಹಾರದ ಕೆಲಸ ನೆರವಾಯಿತು, ಕಾಯಿಲೆಯ ದಿನಗಳನ್ನು ಆರೋಗ್ಯದ ಕೆಲಸ ಕಡಿಮೆ ಮಾಡಿತು, ಸಾವು ಎಲ್ಲ ಕಡೆ ಇಳಿಯಿತು. ಒಂದರ ಕೆಲಸವನ್ನು ಇನ್ನೊಂದು ಮಾಡಲಿಲ್ಲ.

ಹಾಲು ಮಾರುವ ಮನೆಯ ಮಗು

ಇಲ್ಲಿ ಸ್ವಲ್ಪ ಕಟುವಾದ ಮಾತು ಬರುತ್ತದೆ, ಬೇಸರ ಮಾಡಿಕೊಳ್ಳಬೇಡಿ. ದಿನಕ್ಕೆ ಎಂಟು ಹತ್ತು ಲೀಟರ್ ಡೇರಿಗೆ ಹಾಕುವ ಮನೆಯಲ್ಲೂ ಬಡಕಲು ಮಕ್ಕಳಿರುತ್ತಾರೆ. ಡೇರಿಗೆ ಹಾಲು ತರುವಾಗ ಡಿಗ್ರಿ ಬರಬೇಕು, ಫ್ಯಾಟ್ ಬರಬೇಕು ಎಂದು ಒಂದು ಹನಿ ನೀರೂ ಸೇರದಂತೆ ನೋಡಿಕೊಳ್ಳುತ್ತೇವೆ. ಮನೆಗೆ ಉಳಿಸಿದ ಒಂದು ಲೋಟ ಹಾಲಿಗೆ ಮಾತ್ರ ಎರಡು ಲೋಟ ನೀರು ಬೆರೆಸಿ, ಕಾಫಿಗೂ ಮಗುವಿಗೂ ಹಂಚುತ್ತೇವೆ. ಲ್ಯಾಕ್ಟೋಮೀಟರನ್ನು ಒಮ್ಮೆ ಮಗುವಿನ ಲೋಟಕ್ಕೂ ಇಳಿಬಿಟ್ಟು ನೋಡಬೇಕು!

ಹಾಗೆಂದು ಹಾಲೇ ಎಲ್ಲವೂ ಅಲ್ಲ. ಹಾಲು ಒಕ್ಕೂಟದ ಪತ್ರಿಕೆಯಲ್ಲಿ ಇದನ್ನು ಬರೆಯುವುದು ಕೆಲವರಿಗೆ ವಿಚಿತ್ರ ಎನ್ನಿಸಬಹುದು, ಆದರೂ ಬರೆಯಲೇಬೇಕು. ಆರು ತಿಂಗಳು ತುಂಬುವವರೆಗೆ ಮಗುವಿಗೆ ತಾಯಿಯ ಹಾಲು ಬಿಟ್ಟು ಹಸುವಿನ ಹಾಲೂ ಬೇಡ, ನೀರೂ ಬೇಡ. ಆರು ತಿಂಗಳ ಮೇಲೆ ಸರಿಯಲ್ಲಿ, ಅನ್ನದಲ್ಲಿ ಬೆರೆಸಿ ಬೇಯಿಸುವುದಕ್ಕೆ ಅಡ್ಡಿಯಿಲ್ಲ, ಆದರೆ ಒಂದು ವರ್ಷದವರೆಗೆ ಎದೆಹಾಲಿನ ಬದಲು ಹಸುವಿನ ಹಾಲನ್ನೇ ಮುಖ್ಯ ಆಹಾರ ಮಾಡಬಾರದು. ಹಸುವಿನ ಹಾಲಿನಲ್ಲಿ ಕಬ್ಬಿಣ ತೀರಾ ಕಡಿಮೆ. ಎಳೆಯ ಕರುಳಿನಲ್ಲಿ ಅದು ಕಣ್ಣಿಗೆ ಕಾಣದಷ್ಟು ರಕ್ತ ಜಿನುಗಿಸುವುದೂ ಉಂಟು. ಒಂದು ವರ್ಷದ ಮೇಲೆ ದಿನಕ್ಕೆ ಎರಡು ಲೋಟ ಗಟ್ಟಿ ಹಾಲು ಒಳ್ಳೆಯದು, ಅರ್ಧ ಲೀಟರ್ ದಾಟಿಸಬೇಡಿ. ಬರೀ ಹಾಲು ಕುಡಿದು ಹೊಟ್ಟೆ ತುಂಬಿಸಿಕೊಂಡ ಮಗು ಅನ್ನ ಸಾರು ಮುಟ್ಟುವುದಿಲ್ಲ. ಗುಂಡಗೆ ಕಂಡರೂ ಬಿಳಿಚಿಕೊಂಡಿರುತ್ತದೆ.

ಆರು ತಿಂಗಳಿಂದ ಎಂಟು ತಿಂಗಳವರೆಗೆ ದಿನಕ್ಕೆ ಎರಡು ಮೂರು ಸಲ, ಆಮೇಲೆ ಮೂರು ನಾಲ್ಕು ಸಲ ಊಟ, ನಡುವೆ ಹಣ್ಣೋ ಮೊಟ್ಟೆಯೋ. ರಾಗಿ ಸರಿ ಚಮಚದಿಂದ ಸುರಿಯುವಂತಿದ್ದರೆ ಅದರಲ್ಲಿ ನೀರೇ ಹೆಚ್ಚು. ಚಮಚ ಓರೆ ಮಾಡಿದರೂ ನಿಲ್ಲುವಷ್ಟು ಗಟ್ಟಿ ಇರಲಿ, ಮೇಲೆ ಅರ್ಧ ಚಮಚ ಮನೆಯ ತುಪ್ಪ. ಹೆಸರುಬೇಳೆ, ಕಿವುಚಿದ ಅನ್ನ, ನುಗ್ಗೆಸೊಪ್ಪು, ಪರಂಗಿ ಹಣ್ಣು, ಮೊಸರು ಎಲ್ಲ ಸರದಿಯಲ್ಲಿ ಬರಲಿ. ತಿನ್ನುವ ಮನೆಯಾದರೆ ಮೊಟ್ಟೆ, ಮೀನು, ಈಲಿಯನ್ನು ಚಿಕ್ಕ ಮಗುವಿಗೆ ತಪ್ಪಿಸಬೇಡಿ. ನರ್ಸಮ್ಮ ಕೊಡುವ ಕಬ್ಬಿಣದ ಸಿರಪ್ಪು ವಾರಕ್ಕೆ ಎರಡು ಸಲ. ಕರುವಿಗೆ ಜಂತುಹುಳುವಿನ ಔಷಧ ಕುಡಿಸುವ ನಾವು ವರ್ಷ ತುಂಬಿದ ಮಗುವಿಗೂ ಜಂತುಹುಳು ನಿವಾರಣಾ ದಿನದಂದು ಅಂಗನವಾಡಿಯಲ್ಲಿ ಕೊಡುವ ಮಾತ್ರೆಯನ್ನು ಹಾಕಿಸಬೇಕು. 2013ರ ಆಗಸ್ಟ್ 1ರಂದು ಶುರುವಾದ ಕ್ಷೀರಭಾಗ್ಯ ಯೋಜನೆಯಲ್ಲಿ ಅಂಗನವಾಡಿಗೂ ಶಾಲೆಗೂ ಹೋಗುವ ಹಾಲು ನೀವು ಹಾಕಿದ ಹಾಲೇ. ಪುಡಿಯಾಗಿ ಮಕ್ಕಳ ಲೋಟಕ್ಕೆ ಮರಳುತ್ತದೆ. ಅದನ್ನು ಕುಡಿಯಲು ಮಗು ಅಂಗನವಾಡಿಗೆ ಹೋಗಬೇಕಷ್ಟೆ.

ಹಾಲನ್ನು ಕಾಯಿಸಿಯೇ ಕೊಡಿ. ಕಂದು ಹಾಕಿದ ಹಸುವಿನ ಹಸಿ ಹಾಲಿನಿಂದ ಬ್ರುಸೆಲ್ಲಾ ರೋಗ ಮನುಷ್ಯರಿಗೂ ಬರುತ್ತದೆ, ರಾಸುಗಳ ಕ್ಷಯವೂ ಬರಬಹುದು. ಹೆಣ್ಣು ಕರುವಿಗೆ 4ರಿಂದ 8 ತಿಂಗಳೊಳಗೆ ಒಮ್ಮೆ ಹಾಕುವ ಬ್ರುಸೆಲ್ಲಾ ಲಸಿಕೆ ಹೀಗೆ ನಿಮ್ಮ ಮಗುವಿನ ಹೊಟ್ಟೆಯನ್ನೂ ಕಾಯುತ್ತದೆ.

ಸಂಘದಲ್ಲಿ ಕೇಳಿಬರುವ ಮಾತುಗಳು

"ಮಗು ಸಣಕಲಾಗಿದೆ, ಚುಚ್ಚುಮದ್ದು ತಡೆಯುತ್ತದೆಯೇ? ಮೈ ತುಂಬಿಕೊಂಡ ಮೇಲೆ ಹಾಕಿಸೋಣ." ಇದು ಅತ್ಯಂತ ಅಪಾಯದ ಮಾತು. ಸಣಕಲು ಮಗುವಿಗೇ ಲಸಿಕೆ ಮೊದಲು ಬೇಕು, ಏಕೆಂದರೆ ಕಾಯಿಲೆ ಬಂದರೆ ತಡೆದುಕೊಳ್ಳಲಾಗದ್ದು ಅದಕ್ಕೇ. ಇಂಥ ಮಕ್ಕಳಲ್ಲೂ ಬಹುತೇಕ ಲಸಿಕೆಗಳು ಕೆಲಸ ಮಾಡುತ್ತವೆ. ತೀವ್ರ ಅಪೌಷ್ಟಿಕತೆಯಿಂದ ಆಸ್ಪತ್ರೆ ಸೇರಿದ ಮಗುವಿಗೆ ದಡಾರದ ಲಸಿಕೆಯನ್ನು ಒಂಬತ್ತು ತಿಂಗಳಿಗೆ ಕಾಯದೆ ಆರು ತಿಂಗಳಲ್ಲೇ ಒಂದು ಹಾಕಿ, ಆಮೇಲೆ ಒಂಬತ್ತಕ್ಕೆ ಮತ್ತೆ ಹಾಕಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ.

"ನೆಗಡಿ ಇದೆ." ಸಣ್ಣ ನೆಗಡಿ, ಕೆಮ್ಮು, ಸಣ್ಣ ಜ್ವರ ಅಡ್ಡಿಯಲ್ಲ. ಜೋರು ಜ್ವರವಿದ್ದರೆ ನರ್ಸಮ್ಮನಿಗೆ ಹೇಳಿ, ಅವರು ನಿರ್ಧರಿಸಲಿ. ಮನೆಯಲ್ಲೇ ನಾವು ತೀರ್ಪು ಕೊಟ್ಟು ಕೂರುವುದು ಬೇಡ.

"ಹಾಕಿಸಿದ ರಾತ್ರಿ ಜ್ವರ ಬಂದು ಅಳುತ್ತದೆ, ಬೆಳಗ್ಗೆ ಹಾಲು ಕರೆಯುವುದು ಹೇಗೆ?" ಇದು ನಿಜವಾದ ಕಷ್ಟ, ಹಗುರವಾಗಿ ಕಾಣಬಾರದು. ನಾಲ್ಕೂವರೆಗೆ ಏಳಬೇಕಾದವಳು ರಾತ್ರಿಯೆಲ್ಲ ಮಗುವನ್ನು ತೂಗಿದರೆ ಅವಳ ಸ್ಥಿತಿ ಯಾರಿಗೂ ಬೇಡ. ಆ ಜ್ವರ ಒಂದೆರಡು ದಿನದ್ದು, ದೇಹ ಪಾಠ ಕಲಿಯುತ್ತಿರುವ ಗುರುತು. ನರ್ಸಮ್ಮ ಹೇಳಿದ ಪ್ರಮಾಣದಲ್ಲಿ ಪ್ಯಾರಾಸಿಟಮಾಲ್ ಕೊಡಿ, ಹಾಲೂಡಿಸುತ್ತಿರಿ, ಚುಚ್ಚಿದ ಜಾಗಕ್ಕೆ ಏನನ್ನೂ ಹಚ್ಚಬೇಡಿ. ಮರುದಿನ ಬೆಳಗಿನ ಹಾಲು ಕರೆಯುವ ಕೆಲಸವನ್ನು ಮನೆಯ ಗಂಡಸರು ಮಾಡಲಿ. ಮಗು ಅವರದೂ ಹೌದು, ಹಸು ಅವರದೂ ಹೌದು. ಜ್ವರ ಎರಡು ದಿನ ಮೀರಿದರೆ, ಮಗು ಮಂಕಾದರೆ, ಫಿಟ್ಸ್ ಬಂದರೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.

"ಒಂದು ತಪ್ಪಿಹೋಯಿತು, ಇನ್ನು ಮೊದಲಿಂದ ಹಾಕಬೇಕಂತೆ." ಬೇಕಿಲ್ಲ. ಎಲ್ಲಿ ನಿಂತಿದೆಯೋ ಅಲ್ಲಿಂದ ಮುಂದುವರಿಸುತ್ತಾರೆ. ಕೆಲವು ಲಸಿಕೆಗಳನ್ನು ವರ್ಷ ದಾಟಿದರೆ ಶುರುಮಾಡಲಾಗುವುದಿಲ್ಲ, ಆದ್ದರಿಂದ ನಾಚಿಕೊಂಡು ಇನ್ನೂ ತಡ ಮಾಡುವುದೇ ನಷ್ಟ.

"ಆ ಡಬ್ಬಿಯಲ್ಲಿ ತಂದ ಮದ್ದು ಸರಿಯಿರುತ್ತದೆಯೇ?" ಒಳ್ಳೆಯ ಪ್ರಶ್ನೆ. ನಮ್ಮ ಹಾಲನ್ನು ಬಿ.ಎಂ.ಸಿ.ಯಲ್ಲಿ 4 ಡಿಗ್ರಿಗೆ ಇಳಿಸಿಡುವಂತೆ ಲಸಿಕೆಯನ್ನು ತಯಾರಾದಲ್ಲಿಂದ ಮಗುವಿನ ತೋಳಿನವರೆಗೆ 2ರಿಂದ 8 ಡಿಗ್ರಿಯೊಳಗೆ ಕಾಪಾಡುತ್ತಾರೆ. ಆ ನೀಲಿ ಡಬ್ಬಿಯಲ್ಲಿ ಐಸ್ ಪ್ಯಾಕ್ ಇರುತ್ತದೆ. ಸೀಸೆಯ ಮೇಲೆ ಬಿಸಿ ತಾಗಿದರೆ ಬಣ್ಣ ಬದಲಾಗುವ ಸಣ್ಣ ಗುರುತೂ ಇರುತ್ತದೆ. ತೋರಿಸಿ ಎಂದು ಕೇಳಬಹುದು.

ಲಸಿಕೆಗೆ ಇಂಗ್ಲಿಷಿನಲ್ಲಿ ಬಳಸುವ 'ವ್ಯಾಕ್ಸೀನ್' ಎಂಬ ಪದದಲ್ಲೇ ಹಸು ಇದೆ. ಲ್ಯಾಟಿನ್ ಭಾಷೆಯಲ್ಲಿ 'ವಕ್ಕಾ' ಎಂದರೆ ಹಸು. 1796ರಲ್ಲಿ ಇಂಗ್ಲೆಂಡಿನ ವೈದ್ಯ ಎಡ್ವರ್ಡ್ ಜೆನ್ನರ್ ಸಿಡುಬಿಗೆ ತಡೆ ಹುಡುಕಿದ್ದು ಸಾರಾ ನೆಲ್ಮ್ಸ್ ಎಂಬ ಹಾಲು ಕರೆಯುವ ಹೆಣ್ಣುಮಗಳ ಕೈಯ ಗುಳ್ಳೆಯಿಂದ. ಹಸುವಿನ ಕೆಚ್ಚಲಿನಿಂದ ಅವಳಿಗೆ ಅಂಟಿದ್ದ ಸೌಮ್ಯ ರೋಗ ಅದು. ಲಸಿಕೆಯ ಕತೆ ಶುರುವಾದದ್ದೇ ನಮ್ಮಂಥ ಒಬ್ಬಳ ಕೈಯಿಂದ.

ಮುಂದಿನ ಸಭೆಗೆ

ತಾಯಿ ಕಾರ್ಡನ್ನು ಪೆಟ್ಟಿಗೆಯಿಂದ ತೆಗೆಯಿರಿ. ಒಂದೇ ಕಾರ್ಡಿನಲ್ಲಿ ಲಸಿಕೆಯ ಪಟ್ಟಿಯೂ ತೂಕದ ಗೆರೆಯೂ ಇವೆ. ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ: ತೂಕದ ಗೆರೆ ಬಾಗಿದ ಅಥವಾ ನಿಂತ ತಿಂಗಳಲ್ಲಿ ಮಗುವಿಗೆ ಏನಾಗಿತ್ತು, ಆ ಹೊತ್ತಿಗೆ ಯಾವ ಲಸಿಕೆ ಬಾಕಿಯಿತ್ತು ಎಂಬುದು ಎಷ್ಟೋ ಸಲ ತಾನಾಗಿ ಕಾಣುತ್ತದೆ. ಆರು ತಿಂಗಳಿಂದ ಐದು ವರ್ಷದ ಮಗುವಿನ ತೋಳಿನ ಸುತ್ತಳತೆಯನ್ನು ಅಂಗನವಾಡಿಯ ಪಟ್ಟಿಯಿಂದ ಅಳೆಸಿ. 12.5 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಹಳದಿ, ಎಚ್ಚರಿಕೆ ಬೇಕು. 11.5ಕ್ಕಿಂತ ಕಡಿಮೆಯಿದ್ದರೆ ಕೆಂಪು. ಆ ಮಗುವನ್ನು ತಡ ಮಾಡದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತೋರಿಸಬೇಕು. ಅಲ್ಲಿಂದ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಕಳಿಸುತ್ತಾರೆ.

ಇನ್ನೊಂದು ಕೆಲಸ ಸಂಘದ ಕಾರ್ಯದರ್ಶಿಯವರದು. ಊರಿನ ಹೆಂಗಸರು ಬೆಳಗೂ ಸಂಜೆಯೂ ತಪ್ಪದೆ ಸೇರುವ ಜಾಗ ಡೇರಿಯಂಥದ್ದು ಇನ್ನೊಂದಿಲ್ಲ. ಹಾಲಿನ ದರ ಬರೆಯುವ ಬೋರ್ಡಿನ ಮೂಲೆಯಲ್ಲಿ ಮುಂದಿನ ಲಸಿಕೆಯ ದಿನವನ್ನೂ ಬರೆಯಿರಿ. ಬಹಳ ಕಡೆ ಅದು ಗುರುವಾರ. ನಿಮ್ಮ ಊರಿನದನ್ನು ಆಶಾ ಕಾರ್ಯಕರ್ತೆಯಿಂದ ಖಚಿತ ಮಾಡಿಕೊಳ್ಳಿ. ಆ ದಿನ ಬೆಳಗಿನ ಹಾಲು ಹಾಕಿ ಹೊರಡುವವರಿಗೆ ಹಾಲು ಪರೀಕ್ಷಕಿ ಒಂದು ಮಾತು ನೆನಪಿಸಲಿ. ಐದು ವರ್ಷದೊಳಗಿನ ಮಕ್ಕಳಿರುವ ಸದಸ್ಯೆಯರ ಪಟ್ಟಿ ಮಾಡಿ, ಯಾರ ಮನೆಯ ಮಗುವಿಗೆ ಎರಡನೇ ದಡಾರ ಲಸಿಕೆ ಬಾಕಿಯಿದೆ ಎಂದು ಗುರುತು ಹಾಕಿಕೊಳ್ಳಿ. ಮೊದಲನೆಯದಾದ ಮೇಲೆ ಮಗು ನಡೆಯತೊಡಗಿರುತ್ತದೆ, ಕಾರ್ಡು ಪೆಟ್ಟಿಗೆ ಸೇರಿರುತ್ತದೆ. ಹೆಚ್ಚಾಗಿ ಮರೆತುಹೋಗುವುದು ಅದೇ.